ಹಬ್ಬ, ದೇವರು, ಊರ ನಂಬಿಕೆ: 3ರಿಂದ 8 ವರ್ಷದ ಮಕ್ಕಳಿಗೆ ಹೇಳಿಕೊಡುವುದು ಹೇಗೆ?

ಸಂಕ್ರಾಂತಿ ಬೆಳಗ್ಗೆ ಮಗುವಿಗೆ ಎಣ್ಣೆ ನೀರು ಹಾಕಿ, ಹೊಸ ಬಟ್ಟೆ ತೊಡಿಸಿ, ಸೋಫಾ ಮೇಲೆ ಕೂರಿಸುತ್ತೇವೆ. "ನೋಡು ಪುಟ್ಟಾ, ಇವತ್ತು ಸೂರ್ಯ ಮಕರ ರಾಶಿಗೆ ಹೋಗ್ತಾನೆ" ಅಂತ ಶುರು ಮಾಡುತ್ತೇವೆ. ಎರಡನೇ ಮಾತಿಗೆ ಮಗು ಸೋಫಾ ಇಳಿದು ಓಡಿರುತ್ತದೆ. ಆಮೇಲೆ ನಮ್ಮ ಗೊಣಗಾಟ: "ಈಗಿನ ಮಕ್ಕಳಿಗೆ ಏನೂ ಬೇಡ. ಮೊಬೈಲ್ ಒಂದಿದ್ರೆ ಸಾಕು."

ಮೈಸೂರಿನಲ್ಲಿ ಮನೆ ಮಾಡಿಕೊಂಡು, ಮಂಡ್ಯ ಕಡೆ ಊರು ಇಟ್ಟುಕೊಂಡಿರುವ ಎಷ್ಟೋ ಅಪ್ಪ-ಅಮ್ಮಂದಿರು ಇದೇ ಕಥೆ ಹೇಳುತ್ತಾರೆ. ನಾನೂ ಎರಡು ವರ್ಷ ಹೀಗೇ ಕೆಟ್ಟೆ. ಮಗು ಸರಿಯಾಗೇ ಇರುತ್ತದೆ, ನಾವು ಹಿಡಿಯುವ ಕ್ರಮ ತಿರುಗುಮುರುಗು. ಮೊದಲು ವಿವರಣೆ ಕೊಟ್ಟು, ಆಮೇಲೆ ಪೂಜೆಗೆ ಕೂರಿಸಿ, ಎಲ್ಲ ಮುಗಿದ ಮೇಲೆ ಒಂದು ಲೋಟ ಪಾಯಸ ಕೊಡುತ್ತೇವೆ. ಈ ವಯಸ್ಸಿಗೆ ಕೆಲಸ ಮೊದಲು ಬರಬೇಕು. ಆಮೇಲೆ ಕಥೆ, ಆಮೇಲೆ ಜಾಗ. ವಿವರಣೆ ಕಟ್ಟಕಡೆಗೆ, ಅದೂ ಮಗು ಕೇಳಿದರೆ ಮಾತ್ರ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಹೆಚ್ಚೇನಿಲ್ಲ. ಒಂದು ಪಂಚಾಂಗ ಅಥವಾ ಗೋಡೆ ಕ್ಯಾಲೆಂಡರ್ ಬೇಕು. ನಮ್ಮ ಕಡೆ ಒಂಟಿಕೊಪ್ಪಲು ಪಂಚಾಂಗ ಎಲ್ಲರ ಮನೆಯಲ್ಲೂ ಇರುತ್ತದೆ, ಸಾಕು. ಮಗುವಿನ ಕೈಗೆ ಹಿಡಿಸುವ ಪುಟ್ಟ ಮೊರ, ಪುಟ್ಟ ತಟ್ಟೆ, ಪುಟ್ಟ ಚೊಂಬು ಇರಲಿ. ಪ್ಲಾಸ್ಟಿಕ್ ಆಟಿಕೆ ಬೇಡ, ನಿಜವಾದ ಪಾತ್ರೆಯೇ ಆಗಬೇಕು. ಅಜ್ಜಿ-ತಾತಂದಿರ ಹಳೆ ಫೋಟೋ ನಾಲ್ಕೈದು ತೆಗೆದಿಡಿ. ಅಜ್ಜಿಯ ಮಾತು ಹಿಡಿದಿಡಲು ಫೋನಿನ ರೆಕಾರ್ಡರ್ ಇದೆ. ಗೆರೆ ಇಲ್ಲದ ಒಂದು ನೋಟ್‌ಬುಕ್ ತನ್ನಿ, ಮಗು ಗೀಚುವುದಕ್ಕೆ.

ದೇವರ ಕಾರ್ಟೂನ್, ಕೃಷ್ಣನ ವೇಷದ ಬಟ್ಟೆ ಇವೆರಡಕ್ಕೂ ದುಡ್ಡು ಹಾಕಬೇಡಿ. ಕಾರ್ಟೂನ್ ನೋಡಿದ ಮಗುವಿಗೆ ನಿಮ್ಮ ಊರ ಮಾರಮ್ಮ ಸಪ್ಪೆ ಅನಿಸುತ್ತಾಳೆ. ಅವಳು ಕಾರ್ಟೂನಿನಲ್ಲಿ ಬರುವುದಿಲ್ಲವಲ್ಲ.

ಹಂತ 1: ಮಗುವಿಗಿಂತ ಮುಂಚೆ ದೊಡ್ಡವರು ಕೂತು ಮಾತಾಡಿ

ಹಬ್ಬಕ್ಕೆ ಎರಡು ವಾರ ಇರುವಾಗ, ಮಗು ಮಲಗಿದ ಮೇಲೆ ಈ ಮಾತು ಆಗಲಿ. ಮೂರು ವಿಷಯ ತೀರ್ಮಾನ ಆಗಬೇಕು. ನಮ್ಮ ಮನೆದೇವರು ಯಾರು, ಎಲ್ಲಿ? ಏನೇ ಆದರೂ ಬಿಡದೆ ಮಾಡುವ ಹಬ್ಬ ಯಾವುದು? ನಮ್ಮ ಮನೆಯಲ್ಲಿ ನಡೆದು ಬಂದಿದ್ದರೂ ಮಗುವಿಗೆ ದಾಟಿಸಬಾರದ್ದು ಯಾವುದು?

ಮೂರನೆಯದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಕೆಲಸದವರಿಗೆ ಬೇರೆ ಲೋಟ, "ಅವರ ಮನೆಯಲ್ಲಿ ಊಟ ಮಾಡಬೇಡ" ಅನ್ನುವ ಪಿಸುಮಾತು, ಇಂಥ ದಿನ ಅಮ್ಮನನ್ನು ಮುಟ್ಟಬೇಡ ಅನ್ನುವುದು. ಇವೆಲ್ಲ ಯಾರೂ ಕೂರಿಸಿ ಹೇಳಿಕೊಡದಿದ್ದರೂ ಮಗುವಿಗೆ ಬಂದುಬಿಡುತ್ತವೆ. ಕಣ್ಣಿಂದಲೇ ಕಲಿಯುತ್ತದೆ. ಬೇಡ ಅಂದುಕೊಂಡರೆ ದೊಡ್ಡವರು ಮೊದಲು ಬಿಡಬೇಕು. ಮಗುವಿನ ಮುಂದೆ ಮಾತ್ರ ಬಿಟ್ಟರೆ ನಾಲ್ಕೇ ದಿನಕ್ಕೆ ಸಿಕ್ಕಿಬೀಳುತ್ತೀರಿ.

ಗಂಡ-ಹೆಂಡತಿಯ ಮನೆಗಳ ಪದ್ಧತಿ ಬೇರೆ ಬೇರೆ ಇದ್ದರೆ ಗಾಬರಿ ಬೇಡ. ಒಂದು ಮನೆಯಲ್ಲಿ ಹಿರಿಯರ ಹಬ್ಬಕ್ಕೆ ಬಾಡೂಟ ಆಗಲೇಬೇಕು, ಇನ್ನೊಂದು ಮನೆಯಲ್ಲಿ ಅವತ್ತು ಈರುಳ್ಳಿಯನ್ನೂ ಮುಟ್ಟುವುದಿಲ್ಲ. "ಅಪ್ಪನ ಮನೇಲಿ ಹಿಂಗೆ ಮಾಡ್ತಾರೆ, ಅಮ್ಮನ ಮನೇಲಿ ಹಂಗೆ ಮಾಡ್ತಾರೆ" ಅಂದರೆ ಮಗು ಒಪ್ಪಿಕೊಳ್ಳುತ್ತದೆ. ಒಂದು ಸರಿ, ಒಂದು ತಪ್ಪು ಅಂದಿರೋ, ಮಗು ಅದನ್ನು ಹೋಗಿ ಅಜ್ಜಿಯ ಮುಂದೆಯೇ ಹೇಳುತ್ತದೆ. ಆಮೇಲೆ ನಿಮ್ಮ ಪಾಡು ನಿಮಗೆ.

ಇದೇ ವಾರ ಅಜ್ಜಿಗೆ ಫೋನ್ ಮಾಡಿ ರೆಕಾರ್ಡ್ ಮಾಡಿಕೊಳ್ಳಿ. "ನಮ್ಮ ಸಂಸ್ಕೃತಿ ಬಗ್ಗೆ ಸ್ವಲ್ಪ ಹೇಳವ್ವಾ" ಅಂದರೆ ಅಜ್ಜಿಗೂ ಮಾತು ಬರುವುದಿಲ್ಲ. ಹೀಗೆ ಕೇಳಿ: "ಅವ್ವಾ, ನೀನು ಚಿಕ್ಕೋಳಿದ್ದಾಗ ಸಂಕ್ರಾಂತಿ ದಿನ ಎದ್ದ ತಕ್ಷಣ ಏನ್ಮಾಡ್ತಿದ್ದೆ? ಹಸುಗಳನ್ನ ಎಲ್ಲಿ ತೊಳೀತಿದ್ರಿ? ಯಾರ ಮನೆಗೆ ಮೊದಲು ಎಳ್ಳು ಕೊಡ್ತಿದ್ರಿ?" ನಾಲೆ, ಹೊಂಗೆ ಮರ, ಕಬ್ಬಿನ ಗದ್ದೆ, ಜಗಳ ಎಲ್ಲ ಹೊರಗೆ ಬರುತ್ತವೆ. ಮಗುವಿಗೆ ಬೇಕಾಗಿರುವುದು ಅದೇ.

ಹಂತ 2: ವರ್ಷಕ್ಕೆ ಒಂದೇ ಹಬ್ಬ ಹಿಡಿಯಿರಿ

ಎಲ್ಲ ಹಬ್ಬವನ್ನೂ ಒಂದೇ ವರ್ಷದಲ್ಲಿ ಹೇಳಿಕೊಡಲು ಹೋಗುವವರು ದಸರಾ ಹೊತ್ತಿಗೆ ಸುಸ್ತಾಗಿರುತ್ತಾರೆ. ಉಳಿದ ಹಬ್ಬ ಎಂದಿನಂತೆ ಮಾಡಿ. ಈ ವರ್ಷದ ಪೂರ್ತಿ ಗಮನ ಒಂದರ ಮೇಲೆ ಇರಲಿ.

ಮೂರು-ನಾಲ್ಕು ವರ್ಷಕ್ಕೆ ಸಂಕ್ರಾಂತಿ ಅಥವಾ ಯುಗಾದಿ ಸಲೀಸು. ಎರಡರಲ್ಲೂ ಬಾಯಿಗೂ ಕೈಗೂ ಕೆಲಸ ಇದೆ. ಐದು ದಾಟಿದರೆ ಗೌರಿ-ಗಣೇಶ, ದಸರಾ ಗೊಂಬೆ. ಹಿರಿಯರ ಹಬ್ಬಕ್ಕೆ ಆರು ಆಗಲಿ. ಅಲ್ಲಿ ಸಾವಿನ ಮಾತು ಬರುತ್ತದೆ. ಮಾರಿ ಹಬ್ಬ, ಕೊಂಡ (ಕೆಂಡ ಹಾಯುವುದು), ಬಾಯಿಬೀಗ (ಹರಕೆಗೆ ಕೆನ್ನೆಗೆ ಸರಳು ಚುಚ್ಚಿಸಿಕೊಳ್ಳುವುದು) ಇವು ಇನ್ನೂ ಆಚೆಗೆ.

ಕೊಂಡದ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಮಗನನ್ನು ನಡುರಾತ್ರಿ ಎಬ್ಬಿಸಿ ಊರ ಹಬ್ಬದ ಕೊಂಡಕ್ಕೆ ಕರೆದುಕೊಂಡು ಹೋದೆ. ತಮಟೆ, ಹೊಗೆ, ನಿಗಿನಿಗಿ ಕೆಂಡ, ಅದರ ಮೇಲೆ ನಡೆಯುವ ಮನುಷ್ಯ. ಆಮೇಲೆ ಒಂದು ವಾರ ಗ್ಯಾಸ್ ಸ್ಟೌ ಹಚ್ಚಿದರೂ ಅಳುತ್ತಿದ್ದ. ಅವನು ಮತ್ತೆ ಊರ ಹಬ್ಬಕ್ಕೆ ಬರಲು ಒಪ್ಪಿದ್ದು ಎರಡು ವರ್ಷದ ಮೇಲೆ. ಅದೂ ಹಗಲಿನ ತಂಬಿಟ್ಟಿನ ಆರತಿಗೆ ಮಾತ್ರ.

ಹಂತ 3: ಕೈಗೆ ನಿಜವಾದ ಕೆಲಸ ಕೊಡಿ

ಅರ್ಧ ಗೆಲುವು ಇಲ್ಲಿದೆ. ಹೆಚ್ಚು ಜನ ಎಡವುವುದೂ ಇಲ್ಲೇ. ಮಗುವಿಗೆ ಕೊಡುವ ಕೆಲಸ ಹೇಗಿರಬೇಕು ಅಂದರೆ, ಅದು ಮಾಡದಿದ್ದರೆ ಹಬ್ಬ ಒಂದು ಗಳಿಗೆ ನಿಂತುಹೋಗಬೇಕು. ಆರತಿ ತಟ್ಟೆಗೆ ಸುಮ್ನೆ ಕೈ ತಾಗಿಸಿ ಅನ್ನುವುದು ಕೆಲಸ ಅಲ್ಲ. ಮಗುವಿಗೆ ಅದು ಚೆನ್ನಾಗಿ ಗೊತ್ತು.

ಸಂಕ್ರಾಂತಿಯನ್ನೇ ತಗೊಳ್ಳೋಣ. ಹಬ್ಬ ಜನವರಿ 14 ಅಥವಾ 15ಕ್ಕೆ ಬರುತ್ತದೆ. ಒಂದು ವಾರ ಮುಂಚೆ ಮಗುವನ್ನು ದೇವರಾಜ ಮಾರುಕಟ್ಟೆಗೋ ನಿಮ್ಮ ಬೀದಿಯ ಅಂಗಡಿಗೋ ಕರೆದುಕೊಂಡು ಹೋಗಿ. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಐದೇ ಸಾಮಾನು. ಐದು ಬೆರಳಿಗೆ ಐದು ಹೆಸರು ಹೇಳಿಕೊಡಿ, ಅಂಗಡಿಯಲ್ಲಿ ಮಗುವೇ ಕೇಳಲಿ.

ಮಾರನೆ ದಿನ ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚುವುದು ದೊಡ್ಡವರ ಕೆಲಸ. ಅಡಕತ್ತರಿಯನ್ನು ಮಗುವಿನ ಕೈಗೆ ಸಿಗದ ಹಾಗೆ ಇಡಿ. ಹೆಚ್ಚಿದ್ದನ್ನು ತಾರಸಿ ಮೇಲೆ ಬಟ್ಟೆ ಹಾಸಿ ಹರಡುವುದು, ಕಾಗೆ ಓಡಿಸುವುದು ಮಗುವಿನ ಕೆಲಸ. ಕಾಗೆ ಕಾಯುವ ಕೆಲಸಕ್ಕೆ ಬೇಡ ಅಂದ ಮಗುವನ್ನು ನಾನು ಇನ್ನೂ ನೋಡಿಲ್ಲ. ಎರಡು ದಿನ ಒಣಗಲಿ.

ಆಮೇಲೆ ಕಡಲೆಕಾಯಿ ಬೀಜ. ಹುರಿದು ಪೂರ್ತಿ ತಣ್ಣಗಾದ ಮೇಲೆ ಮೊರಕ್ಕೆ ಹಾಕಿ ಮಗುವಿನ ಮುಂದಿಡಿ. ಅಂಗೈಯಲ್ಲಿ ಉಜ್ಜಬೇಕು, ಊದಬೇಕು, ಸಿಪ್ಪೆ ಹಾರಬೇಕು. ಮನೆಯೆಲ್ಲಾ ಸಿಪ್ಪೆ ಆಗುತ್ತದೆ. ಆಗಲಿ. ಈ ಹೊತ್ತಿನಲ್ಲಿ ಬೈದರೆ ಮುಂದಿನ ಎಲ್ಲ ಹಂತವೂ ಕೆಡುತ್ತದೆ. ಉಜ್ಜಿದ ಬೀಜವನ್ನು ಎರಡು ಬೇಳೆಯಾಗಿ ಬಿಡಿಸುವುದೂ ಮಗುವಿಗೆ ಬರುತ್ತದೆ. ಕೊನೆಗೆ ದೊಡ್ಡ ಪಾತ್ರೆಯಲ್ಲಿ ಐದನ್ನೂ ಕಲೆಸುವುದು ಪೂರ್ತಿ ಅವರದೇ. ಕೈ ತೊಳೆಸಿ ಬಿಟ್ಟುಬಿಡಿ.

ಒಂದು ಎಚ್ಚರಿಕೆ. ನಾಲ್ಕು ವರ್ಷದ ಒಳಗಿನ ಮಕ್ಕಳ ಬಾಯಿಗೆ ಇಡೀ ಬೀಜ, ಹುರಿಗಡಲೆ, ಕೊಬ್ಬರಿ ತುಂಡು ಹೋಗಬಾರದು. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರ ಪಾಲನ್ನು ಪುಡಿ ಮಾಡಿ ಕೊಡಿ. ಸಂಜೆ ಚಿಕ್ಕ ಮಕ್ಕಳ ತಲೆ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುವ ಪದ್ಧತಿ ನಿಮ್ಮನೆಯಲ್ಲಿದ್ದರೆ, ಎರೆದ ತಕ್ಷಣ ಕಾಸು ಎಣಿಸಿಕೊಳ್ಳಿ. ಒಂದು ರೂಪಾಯಿ ನುಂಗಿದ ಕೂಸನ್ನು ಹಬ್ಬದ ರಾತ್ರಿ ಆಸ್ಪತ್ರೆಗೆ ಎತ್ತಿಕೊಂಡು ಓಡುವುದು ಯಾರಿಗೂ ಬೇಡ. ಸಕ್ಕರೆ ಅಚ್ಚು ಮನೆಯಲ್ಲೇ ಮಾಡುವವರು ಪಾಕ ಕಾಯಿಸುವಾಗ ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಅಚ್ಚು ಆರಿದ ಮೇಲೆ ಮರದ ಹಲಗೆ ಬಿಚ್ಚಿ ಆನೆ, ನವಿಲು ಹೊರಗೆ ಬರುವುದನ್ನು ನೋಡಲು ಕರೆಯಿರಿ.

ಎಳ್ಳು ಬೀರುವುದನ್ನು ಹಿಂದಿನ ದಿನವೇ ಮನೆಯೊಳಗೆ ಒಂದು ಸಲ ಆಡಿ ನೋಡಿ. ಅಪ್ಪ ಪಕ್ಕದ ಮನೆಯವರಾಗಲಿ. ಬಾಗಿಲು ತಟ್ಟುವುದು, "ಎಳ್ಳು ತಗೊಳ್ಳಿ ಅತ್ತೆ" ಅನ್ನುವುದು, ಕೊಟ್ಟು ವಾಪಸ್ ಓಡಿ ಬರದೆ ನಿಂತು ಅವರದ್ದನ್ನೂ ಇಸ್ಕೊಳ್ಳುವುದು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅನ್ನುವುದನ್ನು ಇಲ್ಲೇ ಹೇಳಿಕೊಡಿ, ಅರ್ಥ ಬಿಡಿಸಬೇಡಿ. ಕಳೆದ ವಾರ ಜಗಳ ಆಡಿದ ಗೆಳೆಯನ ಮನೆಗೆ ಮೊದಲು ಕಳಿಸಿ. ಅರ್ಥ ತಾನಾಗೇ ಹೊಳೆಯುತ್ತದೆ.

ಎಲ್ಲರೂ ಮಾಡುವ ತಪ್ಪು ಫೋಟೋ. ಮಗು ಉಜ್ಜುತ್ತಾ ಇರುವಾಗ "ಇಲ್ಲಿ ನೋಡು, ನಗು, ಇನ್ನೊಂದ್ಸಲ ಊದು" ಅಂದರೆ ಕೆಲಸ ಆಟಕ್ಕಿಂತ ಕಡೆಯಾಯಿತು. ಒಂದೇ ಫೋಟೋ, ಅದೂ ಕೆಲಸ ಮುಗಿದ ಮೇಲೆ.

ದಸರಾ ಗೊಂಬೆಗೂ ಇದೇ ಸೂತ್ರ. ಪಟ್ಟದ ಗೊಂಬೆ ಒರೆಸಿ ಸೀರೆ-ಪಂಚೆ ಉಡಿಸುವುದು ದೊಡ್ಡವರಿರಲಿ. ಕೆಳಗಿನ ಮೆಟ್ಟಿಲು ಪೂರ್ತಿ ಮಗುವಿನದು. ಅಲ್ಲಿ ಕಾರು, ಡೈನೋಸಾರ್, ಏನಿಟ್ಟರೂ ತೆಗೆಯಬೇಡಿ.

ಹಂತ 4: ಕಥೆ ಚಿಕ್ಕದಿರಲಿ, ನಿಮ್ಮ ಊರಿನದ್ದೇ ಇರಲಿ

ಹಬ್ಬದ ಹಿಂದಿನ ರಾತ್ರಿ, ದೀಪ ಆರಿಸಿ ಮಲಗುವಾಗ ಕಥೆ. ಮೂರು-ನಾಲ್ಕು ನಿಮಿಷ ಸಾಕು. ದೇವಸ್ಥಾನದ ಸಾಲಿನಲ್ಲಿ ನಿಂತು ಹೇಳಿದ ಕಥೆ ತಲೆಗೆ ಹೋಗುವುದಿಲ್ಲ.

ದೂರದ ಪುರಾಣಕ್ಕಿಂತ ಕಿಟಕಿಯಿಂದ ಕಾಣುವ ಬೆಟ್ಟದ ಕಥೆ ಬೇಗ ಹಿಡಿಸುತ್ತದೆ. ಚಾಮುಂಡಿ ರಾಕ್ಷಸನ ಜೊತೆ ಹೋರಾಡುತ್ತಾಳೆ. ಅವನ ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೆ ಅಲ್ಲೊಬ್ಬ ಹೊಸ ರಾಕ್ಷಸ ಎದ್ದು ನಿಲ್ಲುತ್ತಾನೆ. ಒಬ್ಬಳಿಂದ ಆಗುವುದಿಲ್ಲ. ಆಗ ತಂಗಿ ಉತ್ತನಹಳ್ಳಮ್ಮ ಬಂದು ನಾಲಿಗೆ ಚಾಚಿ ಹನಿ ನೆಲಕ್ಕೆ ಬೀಳದ ಹಾಗೆ ಹಿಡಿಯುತ್ತಾಳೆ. ಇಷ್ಟೇ. ಒಬ್ಬ, ಇಬ್ಬರು, ನಾಲ್ವರು ಅಂತ ರಾಕ್ಷಸರನ್ನು ಎಣಿಸುವುದು ಮಕ್ಕಳಿಗೆ ಬಲು ಇಷ್ಟ. ಅಕ್ಕನಿಗೆ ತಂಗಿ ಬೇಕಾಯಿತು ಅನ್ನುವುದು ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇನ್ನೂ ಕೆಲಸಕ್ಕೆ ಬರುತ್ತದೆ. ಉತ್ತನಹಳ್ಳಿ ಬೆಟ್ಟದ ತಪ್ಪಲಲ್ಲೇ ಇದೆ, ಮುಂದೊಂದು ದಿನ ಕರೆದುಕೊಂಡು ಹೋಗಿ ತೋರಿಸಬಹುದು.

ಕೊಲ್ಲುವ ಜಾಗದಲ್ಲಿ ಕೈಕಾಲು ಕತ್ತರಿಸುವ ವರ್ಣನೆ ಬೇಡ. "ರಾಕ್ಷಸ ಸೋತ" ಅಂದರೆ ಸಾಕು. ಮಗುವಿಗೆ ಇನ್ನೂ ಬೇಕಿದ್ದರೆ ತಾನೇ ಕೇಳುತ್ತದೆ. ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತಿರುವ ಮಹಿಷಾಸುರನನ್ನು ನೋಡಿ, "ಕೆಟ್ಟೋನಾದ್ರೆ ಇಷ್ಟು ದೊಡ್ಡ ಗೊಂಬೆ ಯಾಕೆ ಮಾಡವ್ರೆ?" ಅಂತ ಒಂದು ಮಗು ಕೇಳಿತು. ಒಳ್ಳೆ ಪ್ರಶ್ನೆ. ಮಹಿಷನನ್ನು ಒಳ್ಳೆ ಅರಸ ಅಂತ ನಂಬುವವರೂ ಮೈಸೂರಲ್ಲಿ ಇದ್ದಾರೆ. ಏಳೆಂಟು ವರ್ಷದ ಮಗುವಿಗೆ "ಕೆಲವರು ಈ ಕಥೆಯನ್ನ ಬೇರೆ ಥರ ಹೇಳ್ತಾರೆ" ಅಂತ ಹೇಳಿಬಿಡಿ. ಅದಕ್ಕೆ ತಲೆ ಕೆಡುವುದಿಲ್ಲ, ನಮಗೇ ಕೆಡುವುದು.

ಮನೆದೇವರು ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಆಗಿದ್ದರೆ ನಿಮ್ಮ ಕೆಲಸ ಸುಲಭ. ಹುಲಿ ಮೇಲೆ ಕೂತು ಬೆಟ್ಟ ಸುತ್ತುವ ದೇವರಿಗೆ ಮಕ್ಕಳಲ್ಲಿ ಯಾವಾಗಲೂ ಜಾಸ್ತಿ ಅಭಿಮಾನಿಗಳು. ಕಂಚಿನ ತಾಳ ಹಿಡಿದು ಮಾದಪ್ಪನ ಪದ ಹಾಡುವ ಕಂಸಾಳೆಯವರು ಬೀದಿಗೆ ಬಂದರೆ ಬಾಗಿಲಲ್ಲಿ ದುಡ್ಡು ಕೊಟ್ಟು ಕಳಿಸಬೇಡಿ. ಐದು ನಿಮಿಷ ನಿಲ್ಲಿಸಿ ಒಂದು ಪದ ಹೇಳಿಸಿ. ತಾಳದ ತೂಕ ನೋಡಲು ಮಗುವಿನ ಕೈಗೆ ಕೊಡಬಹುದಾ ಅಂತ ಅವರನ್ನೇ ಕೇಳಿ.

ಹಂತ 5: ಜಾಗಕ್ಕೆ ಕರೆದುಕೊಂಡು ಹೋಗಿ, ಜನ ಇಲ್ಲದಾಗ

ದೊಡ್ಡವರು ಜಾತ್ರೆ ದಿನವೇ ಹೋಗಬೇಕು ಅಂದುಕೊಳ್ಳುತ್ತಾರೆ. ಮಗುವಿಗೆ ಜಾತ್ರೆಯಲ್ಲಿ ಕಾಣುವುದು ಬರೀ ಸೊಂಟ, ಮಂಡಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಬೇಡ. ಮೇಲುಕೋಟೆಗೆ ವೈರಮುಡಿ ಉತ್ಸವದ ರಾತ್ರಿ ಬೇಡ. ನಂಜನಗೂಡಿನ ದೊಡ್ಡ ಜಾತ್ರೆ ಬೇಡ. ಬೇರೆ ವಾರದ ದಿನ, ಬೆಳಗ್ಗೆ ಏಳಕ್ಕೆ ಹೋಗಿ. ನಂಜನಗೂಡಿನಲ್ಲಿ ತೇರು ನಿಲ್ಲಿಸಿದ ಕಡೆ ಹೋಗಿ ಅದರ ಚಕ್ರದ ಪಕ್ಕ ಮಗುವನ್ನು ನಿಲ್ಲಿಸಿದರೆ ಸಾಕು, ಜಾತ್ರೆಯ ಅರ್ಧ ತಿಳಿದ ಹಾಗೆ. ಮೇಲುಕೋಟೆಯಲ್ಲಿ ಕಲ್ಯಾಣಿಯ ಮೆಟ್ಟಿಲಲ್ಲಿ ಕೂರಿಸಿ ಪುಳಿಯೋಗರೆ ತಿನ್ನಿಸಿ. ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಮಗುವಿನ ಕೈ ಬಿಡಬೇಡಿ.

ಚಾಮುಂಡಿ ಬೆಟ್ಟಕ್ಕೆ ಕೆಳಗಿನಿಂದ ಸಾವಿರ ಮೆಟ್ಟಿಲು. ಐದು ವರ್ಷದ ಮಗು ಅಷ್ಟು ಹತ್ತುವುದಿಲ್ಲ, ಹತ್ತಿಸಲೂ ಬೇಡಿ. ಗಾಡಿಯಲ್ಲಿ ಮೇಲೆ ಹೋಗಿ ದರ್ಶನ ಮುಗಿಸಿ, ಅಲ್ಲಿಂದ ಮೆಟ್ಟಿಲಲ್ಲಿ ನಂದಿಯವರೆಗೆ ಇಳಿಯಿರಿ. ಇಳಿಜಾರು ಕಡಿದು, ಮಗು ಒಳಗಡೆ ಬದಿಗೆ ಇರಲಿ. ನಂದಿ ಹತ್ತಿರ ಗಾಡಿ ತರಿಸಿಕೊಳ್ಳಬಹುದು. ಹೋಗುವ ಮುಂಚೆ ಹುಡುಕುವುದಕ್ಕೆ ಮೂರು ವಸ್ತು ಹೇಳಿ: ನಂದಿಯ ಕೊರಳಿನ ಗಂಟೆ, ಮೆಟ್ಟಿಲಿಗೆ ಯಾರೋ ಇಟ್ಟ ಅರಿಶಿನ-ಕುಂಕುಮ, ಒಂದು ಕೋತಿ. ಮೂರೂ ಸಿಕ್ಕಿದರೆ ಪ್ರವಾಸ ಮುಗಿಯಿತು.

ಕಿಚ್ಚು ಹಾಯಿಸುವುದನ್ನು, ಅಂದರೆ ದನಗಳನ್ನು ಬೆಂಕಿ ಹಾರಿಸುವುದನ್ನು, ಮಾತ್ರ ಸಂಕ್ರಾಂತಿ ಸಂಜೆಯೇ ನೋಡಬೇಕು, ಬೇರೆ ದಾರಿ ಇಲ್ಲ. ಮೈಸೂರಿನವರು ಬೆಂಗಳೂರು ರಸ್ತೆಯ ಸಿದ್ಧಲಿಂಗಪುರಕ್ಕೆ ಹೋಗುತ್ತಾರೆ. ಮಂಡ್ಯ ಕಡೆ ಊರೂರಿಗೂ ನಡೆಯುತ್ತದೆ. ಬೆಂಕಿ ಹಚ್ಚುವ ಒಂದು ಗಂಟೆ ಮುಂಚೆ ಹೋಗಿ. ಎತ್ತಿನ ಕೊಂಬಿಗೆ ಬಣ್ಣ, ಮೈಗೆ ಅರಿಶಿನ, ಕೊರಳಿಗೆ ಹೂವು ಇದೆಲ್ಲ ಹತ್ತಿರದಿಂದ ಕಾಣುವುದು ಆಗಲೇ. ದನದ ಯಜಮಾನರನ್ನು ಕೇಳಿಯೇ ಮುಟ್ಟಿಸಿ. ಬೆಂಕಿ ಹೊತ್ತಿದ ಮೇಲೆ ದೂರ ಸರಿದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ. ದನ ಹಾರಿ ಓಡುವ ಕಡೆ ನಿಲ್ಲಲೇಬೇಡಿ. ಬೆದರಿದ ಎತ್ತಿಗೆ ಮಗು, ಮುದುಕ ಅಂತಿಲ್ಲ.

ಎಲ್ಲಿಗೇ ಹೋದರೂ ಮಗುವಿನ ಜೇಬಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಮುಕ್ಕಾಲು ಗಂಟೆಗಿಂತ ಜಾಸ್ತಿ ನಿಲ್ಲಿಸಬೇಡಿ.

ಹಂತ 6: ಪ್ರಶ್ನೆ ಬಂದಾಗ ಮೂರು ಮಾತು ನೆನಪಿಡಿ

ಮಾಡ್ತೀವಿ. ನಂಬ್ತೀವಿ. ಗೊತ್ತು. ಈ ಮೂರನ್ನು ಕಲೆಸಬೇಡಿ. "ಸಂಕ್ರಾಂತಿಗೆ ಎಳ್ಳು ಬೀರ್ತೀವಿ", ಇದು ಮಾಡುವುದು. "ಹಿರಿಯರ ಹಬ್ಬದ ದಿನ ಸತ್ತೋರು ಬರ್ತಾರೆ ಅಂತ ನಂಬ್ತೀವಿ", ಇದು ನಂಬುವುದು. "ಮಳೆ ಮೋಡದಿಂದ ಬರುತ್ತೆ", ಇದು ಗೊತ್ತಿರುವುದು. ಮನೆಯವರೆಲ್ಲ ಮಾತಿನಲ್ಲಿ ಇಷ್ಟು ಎಚ್ಚರ ಇಟ್ಟರೆ ಮಗು ದೊಡ್ಡದಾದ ಮೇಲೆ "ನೀವೆಲ್ಲ ಸುಳ್ಳು ಹೇಳಿದ್ರಿ" ಅನ್ನುವುದು ತಪ್ಪುತ್ತದೆ.

ಹಿರಿಯರ ಹಬ್ಬದ ದಿನ ಇದು ಪರೀಕ್ಷೆಗೆ ಬರುತ್ತದೆ. ತಾತನ ಫೋಟೋ ಮುಂದೆ ಬಾಳೆ ಎಲೆ, ಅವರಿಗೆ ಇಷ್ಟವಾದ ಅಡುಗೆ, ಹೊಸ ಪಂಚೆ. ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಆಚೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ನನ್ನ ಮಗಳು ಆರು ವರ್ಷದಲ್ಲಿ ನೇರ ಎಲೆ ಹತ್ತಿರ ಹೋಗಿ ಬಗ್ಗಿ ನೋಡಿದಳು. "ತಾತ ಏನೂ ತಿಂದೇ ಇಲ್ಲ. ವಡೆ ಹಂಗೇ ಐತೆ."

ಮನೆಯಲ್ಲಿ ಮೂರು ಉತ್ತರ ಒಟ್ಟಿಗೆ ಬಂದವು. ಒಬ್ಬರು "ಶ್, ಹಂಗೆಲ್ಲ ಅನ್ಬಾರ್ದು" ಅಂದರು. ಇನ್ನೊಬ್ಬರು "ತಿಂದವ್ರೆ, ನಿಂಗೆ ಕಾಣಲ್ಲ" ಅಂದರು. ಪಟ್ಟಣದಿಂದ ಬಂದಿದ್ದ ಚಿಕ್ಕಪ್ಪ "ಇದೆಲ್ಲ ಸುಳ್ಳು ಬಿಡು ಮಗಳೇ" ಅಂದ. ಮೂರೂ ಕೆಲಸಕ್ಕೆ ಬಾರದವು. ಮೊದಲನೆಯದು ಕೇಳುವುದನ್ನೇ ನಿಲ್ಲಿಸುತ್ತದೆ. ಎರಡನೆಯದನ್ನು ಅವಳು ವಡೆ ಎಣಿಸಿಯೇ ಸುಳ್ಳು ಮಾಡಿದ್ದಾಳೆ. ಮೂರನೆಯದು ಅಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದ ಅಜ್ಜಿಯನ್ನು ನೋಯಿಸುತ್ತದೆ.

ಅಜ್ಜಿಯೇ ಆಮೇಲೆ ಹೇಳಿದ್ದು ಸರಿಯಾಗಿತ್ತು. "ಬರ್ತಾರೆ ಅಂತ ನಾವು ನಂಬ್ತೀವಿ ಕಣವ್ವಾ. ಕಣ್ಣಿಗೆ ಕಾಣಾಕಿಲ್ಲ. ನಿಮ್ಮ ತಾತಂಗೆ ವಡೆ ಅಂದ್ರೆ ಪ್ರಾಣ. ಅದ್ಕೆ ನೆಪ್ಪಾಯ್ತದೆ, ಮಾಡ್ತೀವಿ. ಈಗ ನೀನ್ ತಿನ್ನು." ಮಗು ತಿಂದು ಹೊರಟಿತು. ಅಷ್ಟೇ ಬೇಕಾಗಿದ್ದದ್ದು.

ಸಾವಿನ ಬಗ್ಗೆ ಕೇಳಿದರೆ "ಸತ್ತರು" ಅಂತಲೇ ಹೇಳಿ. "ಮಲಗಿದ್ದಾರೆ", "ದೂರದ ಊರಿಗೆ ಹೋದರು" ಅಂದರೆ ಮಗು ಮಲಗುವುದಕ್ಕೆ ಹೆದರುತ್ತದೆ, ಇಲ್ಲವೇ ಅಪ್ಪ ಊರಿಗೆ ಹೊರಟಾಗ ಬಾಗಿಲಲ್ಲಿ ಅಳುತ್ತದೆ.

ಬಾಡೂಟ ಮಾಡುವ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ನಾಲ್ಕು ದಿನ ಮುಂಚೆ ಮರಿ ತಂದು ಕಟ್ಟಿ, ಮಗುವಿನ ಕೈಲಿ ಸೊಪ್ಪು ತಿನ್ನಿಸಿ, ಹೆಸರೂ ಇಟ್ಟು, ಹಬ್ಬದ ದಿನ ಅದು ಎಲ್ಲಿ ಅಂದರೆ ಏನು ಹೇಳುತ್ತೀರಿ? ಹೆಸರು ಇಡಲು ಬಿಡಬೇಡಿ. ಇದು ಊಟಕ್ಕೆ ತಂದದ್ದು ಅಂತ ಮೊದಲ ದಿನವೇ ಹೇಳಿ. ಅವತ್ತು ಮಗು ತಿನ್ನಲ್ಲ ಅಂದರೆ ಬಲವಂತ ಬೇಡ, ಅನ್ನ-ಸಾರು ಹಾಕಿ.

ಉತ್ತರ ಗೊತ್ತಿಲ್ಲದಿದ್ದರೆ "ನಂಗೊತ್ತಿಲ್ಲ, ಅಜ್ಜಿನ ಕೇಳೋಣ" ಅಂದುಬಿಡಿ. ಅಜ್ಜಿಗೂ ಗೊತ್ತಿಲ್ಲದೆ ಇದ್ದರೆ ಇನ್ನೂ ಒಳ್ಳೆಯದು, ಮೂರು ಜನ ಸೇರಿ ಹುಡುಕಬಹುದು.

"ದೇವರು ಕಣ್ಣು ಕೀಳ್ತಾನೆ", "ಮಾರಮ್ಮ ಹಿಡ್ಕೊಳ್ತಾಳೆ" ಈ ಮಾತುಗಳನ್ನು ಮನೆಯಿಂದ ಪೂರ್ತಿ ತೆಗೆಯಿರಿ. ಊಟ ಮಾಡಿಸುವುದಕ್ಕೆ ದೇವರನ್ನು ಕರೆದರೆ, ನಿಜವಾಗಿ ದೇವರ ಮುಂದೆ ನಿಲ್ಲಿಸುವ ದಿನ ಮಗು ನಿಮ್ಮ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ.

ಹಂತ 7: ಪಕ್ಕದ ಮನೆಯ ಹಬ್ಬಕ್ಕೂ ಕಳಿಸಿ

ತನ್ನ ಮನೆಯ ಒಂದು ಹಬ್ಬ ಕೈಗೆ ಹತ್ತಿದ ಮೇಲೆ ಇದು. ಅದಕ್ಕೂ ಮುಂಚೆ ಮಾಡಿದರೆ ಮಗುವಿಗೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ರಂಜಾನ್ ದಿನ ಶೀರ್ ಕುರ್ಮಾ ಬಂದರೆ ಪಾತ್ರೆ ಇಸ್ಕೊಂಡು ಬಾಗಿಲು ಹಾಕುವುದರಲ್ಲಿ ಏನಿದೆ? ಹಿಂದಿನ ದಿನವೇ ಆ ಮನೆಯ ಅಮ್ಮನನ್ನು ಕೇಳಿ: ಬಾದಾಮಿ ಸಿಪ್ಪೆ ತೆಗೆಯಲು ನಮ್ಮ ಮಗು ಬರಬಹುದಾ? ಯಾರೂ ಇಲ್ಲ ಅನ್ನುವುದಿಲ್ಲ. ಕ್ರಿಸ್‌ಮಸ್‌ಗೆ ಗೆಳೆಯರ ಮನೆಯ ಗೋದಲಿಗೆ ಹುಲ್ಲು ಹಾಸಲು ಕಳಿಸಿ, ಆಮೇಲೆ ಸಂತ ಫಿಲೋಮಿನಾ ಚರ್ಚ್ ತೋರಿಸಿ. ಬಾಬಯ್ಯನ ಹಬ್ಬ (ಮೊಹರಂ) ನಿಮ್ಮ ಊರಲ್ಲಿ ಈಗಲೂ ನಡೆಯುತ್ತಿದ್ದರೆ ಬಿಡಲೇಬೇಡಿ. ಎರಡೂ ಧರ್ಮದವರು ಒಟ್ಟಿಗೆ ನಿಂತಿರುವುದನ್ನು ಮಗು ಸುಮ್ನೆ ನೋಡಲಿ, ಭಾಷಣ ಬೇಡ. ಪಿರಿಯಾಪಟ್ಟಣ ಕಡೆ ಹೋದಾಗ ಬೈಲಕುಪ್ಪೆಯಲ್ಲಿ ಟಿಬೆಟಿನವರ ಚಿನ್ನದ ಬಣ್ಣದ ದೊಡ್ಡ ಮೂರ್ತಿಗಳ ಮುಂದೆ ಕೂರಿಸಿ. ಅಲ್ಲಿ ಪ್ರಾರ್ಥನೆ ನಡೆಯುವಾಗ ಪಿಸುಗುಟ್ಟುವುದೂ ಬೇಡ ಅಂತ ಮುಂಚೆಯೇ ಹೇಳಿರಿ.

"ಅವರೂ ನಮ್ಮ ಥರಾನೇ" ಅಂತ ಎಲ್ಲವನ್ನೂ ಒಂದೇ ಮಾಡಿಬಿಡುವುದು ಬೇಡ. ಬೇರೆ ಇದೆ ಅನ್ನುವುದು ಮಗುವಿಗೂ ಕಾಣುತ್ತದೆ. "ಅವರು ಹೀಗೆ ಮಾಡ್ತಾರೆ" ಅಂದರೆ ಸಾಕು.

ಹಂತ 8: ಒಂದು ವಾರ ಬಿಟ್ಟು ನೋಡಿ

ಹಬ್ಬದ ಸಂಜೆಯೇ "ಏನು ಕಲಿತೆ?" ಅಂತ ಪರೀಕ್ಷೆ ಇಡಬೇಡಿ. ವಾರದ ಮೇಲೆ ನೋಟ್‌ಬುಕ್, ಬಣ್ಣ ಮುಂದಿಟ್ಟು ಸುಮ್ಮನಿರಿ. ಅಜ್ಜಿಗೆ ಫೋನ್ ಹಚ್ಚಿ ಮಗುವಿನ ಕೈಗೆ ಕೊಡಿ. ಅದು ತಪ್ಪುತಪ್ಪಾಗಿ ಹೇಳಿದರೂ ಮಧ್ಯೆ ಬಾಯಿ ಹಾಕಬೇಡಿ. ಯಾವುದು ಉಳಿದಿದೆ, ಯಾವುದು ಜಾರಿದೆ ಅಂತ ನಿಮಗೇ ತಿಳಿಯುತ್ತದೆ. ಉಳಿದದ್ದನ್ನು ಬರೆದಿಡಿ. ಮುಂದಿನ ವರ್ಷ ಅಲ್ಲಿಂದ ಶುರು. ಈ ವರ್ಷ ಕಾಗೆ ಓಡಿಸಿದ ಮಗುವಿಗೆ ಮುಂದಿನ ವರ್ಷ ಪೊಟ್ಟಣ ಕಟ್ಟುವ ಕೆಲಸ, ಅದರ ಮುಂದಿನ ವರ್ಷ ಒಬ್ಬನೇ ನಾಲ್ಕು ಮನೆಗೆ ಎಳ್ಳು ಕೊಟ್ಟು ಬರುವುದು.

ಎಲ್ಲಿ ನಿಲ್ಲಿಸಬೇಕು? ಈ ಗುರುತುಗಳನ್ನು ನೋಡಿ

ರಾತ್ರಿ ಬೆಚ್ಚುವುದು, ಒಬ್ಬರೇ ದೇವರ ಮನೆಗೆ ಹೋಗಲು ಹೆದರುವುದು ಕಂಡರೆ ಕಥೆಯೋ ಜಾಗವೋ ವಯಸ್ಸಿಗೆ ಮೀರಿದ್ದು. ಅದನ್ನು ಒಂದು ವರ್ಷ ಬದಿಗಿಡಿ. "ಏನೂ ಆಗಲ್ಲ, ಬಾ" ಅಂತ ಎಳೆದುಕೊಂಡು ಹೋಗಬೇಡಿ.

ನೆಂಟರು ಬಂದಾಗಲೆಲ್ಲ ಶ್ಲೋಕ ಹೇಳಿ ಚಪ್ಪಾಳೆಗೆ ಕಾಯುತ್ತಿದ್ದರೆ ಮಗುವಿನ ತಪ್ಪಿಲ್ಲ, ನಾವು ಹೇಳಿಸುವುದನ್ನು ನಿಲ್ಲಿಸಬೇಕು. ಪ್ರಸಾದ ಕೆಳಗೆ ಬಿದ್ದರೆ ನಡುಗಿ ಅಳುವ ಮಗುವಿಗೆ ಯಾರೋ ಹೆದರಿಕೆ ಹಾಕಿದ್ದಾರೆ. ಯಾರು ಅಂತ ಮೆತ್ತಗೆ ಕೇಳಿ ತಿಳಿಯಿರಿ, ಎಷ್ಟೋ ಸಲ ಅದು ಮನೆಯವರೇ ಆಗಿರುತ್ತಾರೆ. ಮೊದಲೆಲ್ಲ ಪ್ರಶ್ನೆ ಕೇಳುತ್ತಿದ್ದ ಮಗು ಈಗ ಕೇಳುತ್ತಲೇ ಇಲ್ಲ ಅಂದರೆ ನಿಮ್ಮ ಆರನೇ ಹಂತ ಕೆಟ್ಟಿದೆ.

ಎಲ್ಲಕ್ಕಿಂತ ಕೆಟ್ಟ ಗುರುತು ಇನ್ನೊಂದಿದೆ. "ಅವರ ಮನೆ ಊಟ ಬೇಡ, ಅವರು ಬೇರೆ" ಅಂತ ಮಗು ಅಂದರೆ ಅವತ್ತೇ, ಆ ಗಳಿಗೆಯಲ್ಲೇ ಎಲ್ಲ ನಿಲ್ಲಿಸಿ. ಮಗುವಿಗೆ ಬೈಯಬೇಡಿ, ಅದು ಕೇಳಿದ್ದನ್ನು ಹೇಳಿದೆ. ಮೊದಲ ಹಂತಕ್ಕೆ ವಾಪಸ್ ಹೋಗಿ ದೊಡ್ಡವರು ಮತ್ತೆ ಕೂರಬೇಕು. ಆ ವಾರವೇ ಆ ಮನೆಯವರನ್ನು ಊಟಕ್ಕೆ ಕರೆಯಿರಿ, ಆಮೇಲೆ ನೀವು ಅವರ ಮನೆಗೆ ಹೋಗಿ ಮಗುವಿನ ಪಕ್ಕದಲ್ಲೇ ಕೂತು ಉಣ್ಣಿ.

ಸಂಕ್ರಾಂತಿ ತಪ್ಪಿಹೋಗಿದ್ದರೆ

ಯುಗಾದಿಗೆ ಹಿಡಿಯಿರಿ. ಹಿಂದಿನ ಸಂಜೆ ಬೇವಿನ ಹೂವು ಬಿಡಿಸುವುದು, ಬೆಳಗ್ಗೆ ಬೆಲ್ಲ ಸೇರಿಸಿ ಮನೆಯವರಿಗೆಲ್ಲ ಹಂಚುವುದು ಮಗುವಿನ ಕೆಲಸ. ಹಂಚುವವರು ಮೊದಲು ತಿನ್ನಬೇಕು ಅಂತ ಒಂದು ನಿಯಮ ಮಾಡಿ. ಕಹಿಗೆ ಮುಖ ಕಿವುಚಿದರೆ ನಗಬೇಡಿ, ನೀವೂ ಕಿವುಚಿ. ಮಾರನೆ ದಿನ ಹೊಸತೊಡಕಿನ ಊಟ ಮುಗಿಸಿ, ಸಂಜೆ ಸೂರ್ಯ ಮುಳುಗಿದ ಕೂಡಲೇ ತಾರಸಿಗೆ ಹೋಗಿ ಪಡುವಣ ಕಡೆ ನಿಲ್ಲಿ. ಚಂದ್ರ ಉಗುರಿನಷ್ಟೇ ಇರುತ್ತಾನೆ, ಸ್ವಲ್ಪ ಹೊತ್ತಿಗೆ ಇಳಿದುಬಿಡುತ್ತಾನೆ. ಮೊದಲು ಕಂಡವರು ಜೋರಾಗಿ ಕೂಗಬೇಕು, ಆಮೇಲೆ ಕೆಳಗಿಳಿದು ದೊಡ್ಡವರ ಕಾಲಿಗೆ ಬೀಳಬೇಕು. ಕಣ್ಣು ಚುರುಕಾಗಿರುವುದು ಮಕ್ಕಳಿಗೇ. ನೀವು ಮೊದಲು ಕಂಡರೂ ಸುಮ್ಮನಿದ್ದುಬಿಡಿ.